ಒಂದು ಹಂಡೆ ನೀರು ಕಾಯುವ ಲೆಕ್ಕ

ಮುಳಬಾಗಿಲಿನಲ್ಲಿ ಪೆದ್ದಪ್ಪ ಅನ್ನುವ ಹೆಸರಿಟ್ಟುಕೊಂಡು ಬದುಕುವುದು ಎಷ್ಟು ಕಷ್ಟ ಅನ್ನುವುದು ಬೇರೆ ಸೀಮೆಯವರಿಗೆ ತಿಳಿಯುವುದಿಲ್ಲ. ತೆಲುಗಿನಲ್ಲಿ ಪೆದ್ದಪ್ಪ ಎಂದರೆ ದೊಡ್ಡಪ್ಪ, ಗೌರವದ ಮಾತು. ಅದನ್ನೇ ಕನ್ನಡದ ಕಿವಿಯಿಂದ ಕೇಳಿದರೆ ಪೆದ್ದನಾದ ಅಪ್ಪ. ಈ ಊರಿನವರು ಎರಡೂ ಭಾಷೆ ಆಡುತ್ತಾರೆ, ಒಂದೇ ಉಸಿರಿನಲ್ಲಿ ಆಡುತ್ತಾರೆ. ಹಾಗಾಗಿ ಯಾರಾದರೂ ಬೀದಿಯಲ್ಲಿ ಪೆದ್ದಪ್ಪಾ ಎಂದು ಕೂಗಿದರೆ, ಯಾವ ಭಾಷೆಯಲ್ಲಿ ಕೂಗಿದರು ಅನ್ನುವುದನ್ನು ಅವರ ಮುಖ ನೋಡಿಯೇ ತಿಳಿಯಬೇಕು. ನಮ್ಮ ಪೆದ್ದಪ್ಪ ಅರವತ್ತು ದಾಟುವವರೆಗೂ ಹೀಗೆ ಜನರ ಮುಖ ನೋಡಿಕೊಂಡೇ ಬಂದಿದ್ದ.

ಹೈಸ್ಕೂಲಿನ ವಿಜ್ಞಾನದ ಲ್ಯಾಬಿನಲ್ಲಿ ಅವನು ಅಟೆಂಡರ್ ಆಗಿದ್ದವನು. ಗಾಜಿನ ಲೋಟ ತೊಳೆಯುವುದು, ಬರ್ನರ್ ಹಚ್ಚುವುದು, ಮಕ್ಕಳು ಒಡೆದದ್ದನ್ನು ಗುಡಿಸುವುದು ಅವನ ಕೆಲಸ. ಕೆಲಸ ಮುಗಿದ ಮೇಲೆ ಬಾಗಿಲ ಪಕ್ಕ ನಿಂತು ಅನಿಲ್‌ಕುಮಾರ್ ಮೇಷ್ಟ್ರು ಮಾಡುವ ಶಾಖದ ಪಾಠ ಕೇಳುತ್ತಿದ್ದ. ವರ್ಷ ವರ್ಷವೂ ಅದೇ ಪಾಠ. ನೀರಿನ ತೂಕವನ್ನು ಅದರ ವಿಶಿಷ್ಟೋಷ್ಣದಿಂದ ಗುಣಿಸಿ, ಬಂದದ್ದನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿದರೆ, ಅಷ್ಟು ನೀರು ಕಾಯುವುದಕ್ಕೆ ಬೇಕಾದ ಶಾಖ. ಈ ಒಂದು ಸೂತ್ರ ಅವನಿಗೆ ಬಾಯಿಪಾಠ ಆಯಿತು. ಬೆಲ್ ಹೊಡೆಯುತ್ತಿದ್ದುದರಿಂದ ಪಾಠದ ಕೊನೆಯ ಭಾಗವನ್ನು, ಅಂದರೆ ಶಾಖದಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ ಅನ್ನುವುದನ್ನು, ಅವನು ಒಂದು ವರ್ಷವೂ ಕೇಳಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿ ಒಂದು ಥರ್ಮಾಮೀಟರ್ ಕೊಟ್ಟರು. ಅವತ್ತಿನಿಂದ ಅವನು ತನ್ನನ್ನು ತಾನೇ ವಿಜ್ಞಾನಿ ಎಂದುಕೊಂಡ. ಬೇರೆ ಯಾರೂ ಹಾಗೆ ಅಂದುಕೊಳ್ಳಲಿಲ್ಲ ಅನ್ನುವುದೊಂದೇ ಕೊರಗು.

ಮನೆಯಲ್ಲಿ ಮೂರೇ ಜನ. ಪೆದ್ದಪ್ಪ, ಹೆಂಡತಿ ಪವಿತ್ರ, ತಾಯಿ ವೆಂಕಟರತ್ನಮ್ಮ. ಎಂಬತ್ತು ದಾಟಿದ ವೆಂಕಟರತ್ನಮ್ಮ ಆ ಚಳಿಗಾಲ ಪೂರ್ತಿ ಮಂಚ ಹಿಡಿದಿದ್ದಳು. ಮೈ ಒರೆಸುತ್ತಿದ್ದರೇ ಹೊರತು ತಲೆಗೆ ನೀರು ಬಿದ್ದು ಎಷ್ಟೋ ದಿನ ಆಗಿತ್ತು. ಗೀಸರು ಕೆಟ್ಟು ಕೂತಿತ್ತು. ಬಚ್ಚಲಿಗೆ ಟೈಲ್ಸ್ ಹಾಕಿಸುವಾಗ ಹಳೇ ಒಲೆಯನ್ನು ಒಡೆಸಿ ಹಾಕಿದ್ದರು. ತಾಮ್ರದ ಹಂಡೆ ಹಿತ್ತಿಲಲ್ಲಿ ಬೋರಲು ಬಿದ್ದಿತ್ತು. ಗ್ಯಾಸಿನ ಮೇಲೆ ಕಾಯಿಸಿದ ಒಂದು ಪಾತ್ರೆ ನೀರು ಮುದುಕಿಯ ತಲೆ ತಲುಪುವ ಹೊತ್ತಿಗೆ ಆರಿರುತ್ತಿತ್ತು.

ವೆಂಕಟರತ್ನಮ್ಮನಿಗೆ ಬೇರೆ ಆಸೆ ಇರಲಿಲ್ಲ. ಮೈ ಕೆಂಪಾಗುವಷ್ಟು ಕಾದ ನೀರು, ಸೀಗೆಪುಡಿ, ಒಂದು ತಲೆಸ್ನಾನ. ಅದಕ್ಕೂ ಒಂದು ಕಾರಣ ಇತ್ತು. ಚಿಕ್ಕ ಮಗ ಶ್ರೀಧರ್ ಮಾಲೂರಿನಲ್ಲಿ ಹೆಂಚಿನ ಫ್ಯಾಕ್ಟರಿಯ ಮ್ಯಾನೇಜರು. ಬಹಳ ದಿನದ ಹಿಂದೆ ಒಂದು ಸಲ ಬಂದಿದ್ದಾಗ ತಾಯಿಯ ಮಂಚದ ಹತ್ತಿರ ಬರದೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತ. ಮಾತಾಡುವಷ್ಟು ಹೊತ್ತೂ ಮೂಗಿನ ಮೇಲೆ ಕರ್ಚೀಫು. ಶೀತ ಅಂದ. ಶೀತ ಯಾವುದು, ವಾಸನೆ ಯಾವುದು ಅನ್ನುವುದು ಹೆತ್ತವಳಿಗೆ ಗೊತ್ತಾಗುವುದಿಲ್ಲವೇ. ಈಗ ಅವನು ಭಾನುವಾರ ಮಧ್ಯಾಹ್ನ ಖಂಡಿತ ಬರುತ್ತೇನೆಂದು ಫೋನು ಮಾಡಿದ್ದ. ಶನಿವಾರ ಸಂಜೆ ಮುದುಕಿ ಪೆದ್ದಪ್ಪನನ್ನು ಹತ್ತಿರ ಕರೆದು ಹೇಳಿದಳು.

"ಅವನು ಬರೋದ್ರೊಳಗೆ ಒಂದು ಹಂಡೆ ನೀರು ಕಾಯ್ಸು ನಾಯನಾ. ಈ ಸಲ ಅವನು ಪಕ್ಕದಲ್ಲಿ ಕೂತ್ಕೊಬೇಕು."

ಪವಿತ್ರ ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳು ತಂಗಿಯ ಮಗುವನ್ನು ನೋಡಲು ಹತ್ತಿರದ ಆವನಿ ಊರಿಗೆ ಹೋಗಿದ್ದಳು. ಮನೆಯಲ್ಲಿ ಉಳಿದದ್ದು ವಿಜ್ಞಾನ ಮಾತ್ರ.

ಬೆಳಗಿನ ಚಳಿಯಲ್ಲಿ ಪೆದ್ದಪ್ಪ ಹಂಡೆ ತೊಳೆದು ನಲವತ್ತು ಲೀಟರ್ ನೀರು ತುಂಬಿ ಥರ್ಮಾಮೀಟರ್ ಇಳಿಬಿಟ್ಟ. ಹದಿನೆಂಟು ಡಿಗ್ರಿ. ಅಮ್ಮನಿಗೆ ಬೇಕಾದದ್ದು ನಲವತ್ತೆಂಟು. ನಲವತ್ತನ್ನು ಮೂವತ್ತರಿಂದ ಗುಣಿಸಿದರೆ ಸಾವಿರದ ಇನ್ನೂರು ಕಿಲೋ ಕ್ಯಾಲರಿ. ಒಂದು ಕೆಜಿ ಒಣ ಸೌದೆ ಉರಿದರೆ ನಾಲ್ಕು ಸಾವಿರ ಬರುತ್ತದೆ. ಅಂದರೆ ಬೇಕಾದ ಸೌದೆ ಮುನ್ನೂರು ಗ್ರಾಂ. ಇಷ್ಟು ಸಣ್ಣ ಕೆಲಸಕ್ಕೆ ನಮ್ಮ ಹೆಂಗಸರು ತಲೆತಲಾಂತರದಿಂದ ಹೊರೆ ಹೊರೆ ಸೌದೆ ಸುಟ್ಟರಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು. ನೀಲಗಿರಿ ಸೌದೆಯ ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟ, ಹೆಚ್ಚಾಯಿತು, ತುದಿ ಕತ್ತರಿಸಿದ. ಮುನ್ನೂರು ಗ್ರಾಂ ಸರಿಯಾಗಿ ಬಂತು. ಉಳಿದ ತುದಿಯನ್ನು ಪಕ್ಕಕ್ಕಿಟ್ಟ. ಪೋಲು ಮಾಡಬಾರದು.

ಹಿತ್ತಿಲಲ್ಲಿ ಒಲೆ ಹೂಡುವಷ್ಟು ಜಾಗ ಇರಲಿಲ್ಲ. ಮನೆ ಮುಂದೆ, ಬಾಗಿಲಿಗೆ ನೇರವಾಗಿ, ಮೂರು ಕಲ್ಲು ಇಟ್ಟು ಹಂಡೆ ಏರಿಸಿ ಬೆಂಕಿ ಹಚ್ಚಿದ.

ಈಗ ಇಲ್ಲೊಂದು ಮಾತು ಹೇಳಬೇಕು. ಆ ಬೀದಿಯಲ್ಲಿ ಸ್ನಾನದ ನೀರು ಬಚ್ಚಲಲ್ಲಿ ಕಾಯುತ್ತದೆ, ಇಲ್ಲ ಹಿತ್ತಿಲಲ್ಲಿ ಕಾಯುತ್ತದೆ. ಬೆಳ್ಳಂಬೆಳಗ್ಗೆ ಮನೆಯ ಮುಂದೆ ಮೂರು ಕಲ್ಲಿನ ಮೇಲೆ ಹಂಡೆ ಕೂತಿದೆ ಎಂದರೆ ಅದಕ್ಕೆ ಒಂದೇ ಅರ್ಥ. ಒಳಗೆ ಯಾರೋ ಹೋಗಿದ್ದಾರೆ, ಇದು ಅವರ ಕೊನೆಯ ಸ್ನಾನದ ನೀರು. ಕಂಡವರು ನಿಲ್ಲುತ್ತಾರೆ, ಚಪ್ಪಲಿ ಬಿಡುತ್ತಾರೆ, ಹೆಣ ಎತ್ತುವವರೆಗೂ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಇದು ಮಕ್ಕಳಿಗೂ ಗೊತ್ತು, ಪೆದ್ದಪ್ಪನಿಗೂ ಗೊತ್ತು. ಆದರೆ ಆ ಹೊತ್ತಿನಲ್ಲಿ ಅವನ ಕಣ್ಣಿಗೆ ಅವು ಮೂರು ಕಲ್ಲಾಗಿ ಕಾಣಲಿಲ್ಲ, ಲ್ಯಾಬಿನ ಮುಕ್ಕಾಲಿ ಸ್ಟ್ಯಾಂಡಾಗಿ ಕಂಡವು.

ಸೌದೆ ಉರಿದು ಮುಗಿಯಿತು. ಥರ್ಮಾಮೀಟರು ಇಪ್ಪತ್ತೊಂದಕ್ಕೆ ನಿಂತಿತು. ಪೆದ್ದಪ್ಪ ಅದನ್ನು ಒದರಿದ, ಒರೆಸಿದ, ಮತ್ತೆ ಇಳಿಬಿಟ್ಟ. ಇಪ್ಪತ್ತೊಂದೇ. ಹೊಗೆಗೆ ಕಣ್ಣು ಕೆಂಡವಾಗಿ ನೀರು ಸುರಿಯುತ್ತಿತ್ತು. ಬೂದಿ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆ ಮೇಲೆ ಕೈ ಹೊತ್ತುಕೊಂಡ. ಎದುರು ಮನೆಯ ತಾಜುನ್ನೀಸಾ ಹಾಲಿಗೆಂದು ಬಾಗಿಲು ತೆಗೆದವಳು ನೋಡಿದ್ದು ಇದನ್ನು. ಪಾತ್ರೆ ಅಲ್ಲೇ ಇಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು, ಮೆಲ್ಲಗೆ ಹತ್ತಿರ ಬಂದಳು.

"ಎಷ್ಟೊತ್ತಿಗೆ ಆಯ್ತು ಪೆದ್ದಪ್ಪಣ್ಣ?"

"ಆರಕ್ಕೇ ಆಗೋಗ್ಬೇಕಿತ್ತು ಕಣಮ್ಮ. ಲೆಕ್ಕದ ಪ್ರಕಾರ ಆರಕ್ಕೇ ಮುಗೀಬೇಕು. ಈಗ ನೋಡು, ಅತ್ಲಾಗೆ ಬಿಸಿನೂ ಇಲ್ಲ, ಇತ್ಲಾಗೆ ತಣ್ಣಗೂ ಇಲ್ಲ. ಈಗ್ತಾನೆ ಕೈಯಿಟ್ಟು ನೋಡ್ದೆ."

ತಾಜುನ್ನೀಸಾ ಅದನ್ನು ಮುದುಕಿಯ ಮೈಯ ಮಾತು ಎಂದುಕೊಂಡಳು. ಮೈ ಇನ್ನೂ ಆರಿಲ್ಲ, ಅಂದರೆ ಈಗಷ್ಟೇ ಹೋಗಿದೆ ಜೀವ. ಅಮ್ಮ ಎಲ್ಲಿ ಎಂದು ಕೇಳಿದಳು. ಒಳಗೆ ಮಲಗವ್ಳೆ, ಈ ನೀರು ಅವಳಿಗೇ, ರಾತ್ರಿಯೆಲ್ಲ ಶ್ರೀಧರ ಶ್ರೀಧರ ಅಂತಿದ್ಲು ಎಂದು ಪೆದ್ದಪ್ಪ ಕಣ್ಣೊರೆಸಿಕೊಂಡ. ಅವಳು ಕಿಟಕಿಯಲ್ಲಿ ಇಣುಕಿದಳು. ಚಳಿಗೆ ವೆಂಕಟರತ್ನಮ್ಮ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡು ಮಿಸುಕದೆ ಮಲಗಿದ್ದಳು. ತಾಜುನ್ನೀಸಾ ಅಲ್ಲಿಂದಲೇ ಅಳುತ್ತಾ ಮನೆಗೆ ಓಡಿದಳು.

ಅವಳ ಗಂಡ ಮೆಹಬೂಬ್ ಪಾಷಾನದು ಶಾಮಿಯಾನದ ಅಂಗಡಿ. ಮದುವೆಗೆ ಕರೆದರೂ ಬರುತ್ತಾನೆ, ಸಾವಿಗೆ ಕರೆಯದಿದ್ದರೂ ಬರುತ್ತಾನೆ. ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿ ಮೊದಲು ಮುನಿಯಲ್ಲಪ್ಪನಿಗೆ, ಆಮೇಲೆ ಮಾಲೂರಿನ ಶ್ರೀಧರನಿಗೆ ಫೋನು ಮಾಡಿದ. ಶ್ರೀಧರ ಎತ್ತಲಿಲ್ಲ. ಅಮ್ಮ ಹೋಗಿಬಿಟ್ಟರು, ಬೇಗ ಬಾ ಎಂದು ಮೆಸೇಜು ಹಾಕಿ, ತಳ್ಳುಗಾಡಿಗೆ ಕುರ್ಚಿ ಏರಿಸತೊಡಗಿದ.

ಮುನಿಯಲ್ಲಪ್ಪ ಎಂದರೆ ಆ ಬೀದಿಯ ಹಿರಿಯ. ಯಾರೇ ಸತ್ತರೂ ತಲೆ ಯಾವ ದಿಕ್ಕಿಗೆ, ನೀರು ಯಾರ ಕೈಯಲ್ಲಿ, ಹೆಣ ಎಷ್ಟು ಹೊತ್ತಿಗೆ, ಎಲ್ಲವೂ ಅವನ ಬಾಯಿಂದಲೇ ಬರಬೇಕು. ತಾನು ಬರುವವರೆಗೆ ಯಾರೂ ಒಳಗೆ ಕಾಲಿಡಬಾರದು, ಏನನ್ನೂ ಮುಟ್ಟಬಾರದು ಅನ್ನುವುದು ಅವನ ಕಟ್ಟಪ್ಪಣೆ. ಹಾಗಾಗಿ ಜನ ಬಂದರು, ಬಂದವರು ಹೊರಗೇ ನಿಂತರು.

ಪೆದ್ದಪ್ಪ ತಲೆಯೆತ್ತಿ ನೋಡಿದಾಗ ಮನೆ ಮುಂದೆ ಇಡೀ ಬೀದಿ ಸೇರಿತ್ತು. ಪಾಷಾ ಸದ್ದಿಲ್ಲದೆ ಕುರ್ಚಿ ಹಾಕುತ್ತಿದ್ದ. ಗಂಡಸರು ಕೈಕಟ್ಟಿ ನಿಂತಿದ್ದರು. ಯಾರ ಮುಖದಲ್ಲೂ ನಗು ಇಲ್ಲ. ಜೀವಮಾನದಲ್ಲಿ ಮೊದಲ ಸಲ ಅಷ್ಟು ಮುಖಗಳು ಒಟ್ಟಿಗೆ ಅವನನ್ನು ಗೌರವದಿಂದ ನೋಡುತ್ತಿದ್ದವು. ಎಲ್ಲರೂ ಅವನನ್ನು ತೆಲುಗಿನಲ್ಲೇ ಪೆದ್ದಪ್ಪ ಅನ್ನುತ್ತಿದ್ದರು, ಅದರಲ್ಲಿ ಅನುಮಾನವೇ ಇರಲಿಲ್ಲ. ಪ್ರಯೋಗ ನೋಡಲು ಬಂದಿದ್ದಾರೆ ಎಂದುಕೊಂಡ ಆ ಪುಣ್ಯಾತ್ಮ. ಮೊಣಕಾಲು ಹಿಡಿದುಕೊಂಡು ಎದ್ದ, ಥರ್ಮಾಮೀಟರನ್ನು ಮೇಲೆತ್ತಿ ಹಿಡಿದು ಪಾಠ ಶುರು ಮಾಡಿದ.

ನೀರಿನ ತೂಕ ಹೇಳಿದ, ವಿಶಿಷ್ಟೋಷ್ಣ ಹೇಳಿದ, ಗುಣಾಕಾರ ಬಿಡಿಸಿದ. ನಲವತ್ತೆಂಟಕ್ಕೆ ಏರಬೇಕಾದದ್ದು ಇಪ್ಪತ್ತೊಂದಕ್ಕೇ ನಿಂತಿತಲ್ಲ, ನಾನು ಎಲ್ಲಿ ತಪ್ಪಿದೆ ಎಂದು ಜನರನ್ನೇ ಕೇಳಿದ. ಹೊಗೆಯ ಕಣ್ಣೀರು ಇನ್ನೂ ನಿಂತಿರಲಿಲ್ಲ. ನೀನು ಎಲ್ಲೂ ತಪ್ಪಲಿಲ್ಲಪ್ಪ, ಚೆನ್ನಾಗೇ ನೋಡ್ಕೊಂಡೆ ಎಂದು ಒಬ್ಬ ಮುದುಕ ಅವನ ಬೆನ್ನು ಸವರಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ದುಃಖಕ್ಕೆ ತಲೆ ತಿರುಗಿದೆ, ಮಾತಾಡಲಿ, ತಡೆಯಬೇಡಿ ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡರು.

ಅಷ್ಟರಲ್ಲಿ ಪಾಷಾನ ಅಂಗಡಿಯ ಟೆಂಪೋದಲ್ಲಿ ಹೆಣ ಇಡುವ ಗಾಜಿನ ಫ್ರೀಜರ್ ಪೆಟ್ಟಿಗೆ ಬಂತು. ಮಾಲೂರಿನಿಂದ ಮಗ ಬರುವವರೆಗೂ ಇಡಬೇಕಲ್ಲ. ಅದನ್ನು ಇಳಿಸುವುದನ್ನು ಕಂಡು ಪೆದ್ದಪ್ಪನ ಮುಖ ಅರಳಿತು. ಒಳ್ಳೇದಾಯ್ತು ಪಾಷಾ, ಕಾಯಿಸೋದಕ್ಕೂ ಆರಿಸೋದಕ್ಕೂ ಸೂತ್ರ ಒಂದೇ, ಅದನ್ನೂ ತೋರಿಸಿಬಿಡೋಣ ಎಂದ. ಪಾಷಾ ಪೆಟ್ಟಿಗೆಯ ಮೂಲೆ ಹಿಡಿದುಕೊಂಡೇ ಅತ್ತುಬಿಟ್ಟ.

ಆಗ ಮುನಿಯಲ್ಲಪ್ಪನ ಸವಾರಿ ಬಂತು. ಬಂದವನೇ ಹಂಡೆಗೆ ಬೆರಳದ್ದಿ ನೋಡಿ ಮುಖ ಸಿಂಡರಿಸಿದ. ಮುನ್ನೂರು ಗ್ರಾಂ ಸೌದೆಯ ವಿಷಯ ಕೇಳಿದ ಮೇಲಂತೂ ಅವನಿಗೆ ತಡೆಯಲಿಲ್ಲ.

"ಹೆತ್ತ ತಾಯಿ ಕಣೋ ಅವಳು. ಅವಳಿಗೆ ಸೌದೆ ತೂಕ ಮಾಡಿ ಹಾಕ್ತೀಯಾ?"

ಬಂದವರೆಲ್ಲ ಮನೆಗಳಿಂದ ಕೈಗೊಂದು ಸೌದೆ ತಂದರು. ಪೆದ್ದಪ್ಪ ಅಡ್ಡ ಬಿದ್ದ. ಹಾಕಬೇಡಿ, ಲೆಕ್ಕ ಕೆಟ್ಟೋಗುತ್ತೆ, ಇನ್ನೊಂದು ಕಡ್ಡಿ ಹಾಕಿದ್ರೂ ನಾನು ಒಪ್ಪಲ್ಲ ಎಂದು ಅಂಗಲಾಚಿದ. ತಾಯಿಯ ಕೊನೆಯ ನೀರು ಕಾದುಬಿಟ್ಟರೆ ತಾಯಿ ಹೋದದ್ದು ಖಾಯಂ ಆಗುತ್ತದೆ ಅನ್ನುವ ಸಂಕಟ ಎಂದು ಜನ ತಿಳಿದರು. ಇಬ್ಬರು ಅವನನ್ನು ಎರಡು ಕಡೆಯಿಂದ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಬೆಂಕಿ ಹಂಡೆಯ ಕಂಠದವರೆಗೆ ಎದ್ದಿತು. ನೀರು ಕೊತಕೊತ ಅನ್ನತೊಡಗಿತು. ಬೀದಿಯ ಅಷ್ಟು ಮನೆಯ ಸೌದೆ ಉರಿದ ಮೇಲೆ ಕಾಯದೆ ಏನು ಮಾಡೀತು.

ಮುನಿಯಲ್ಲಪ್ಪ ಟವಲು ಸೊಂಟಕ್ಕೆ ಕಟ್ಟಿ, ಸಾಂಬ್ರಾಣಿ ಹಿಡಿದು, ನಾಲ್ಕು ಜನರನ್ನು ಹಿಂದಿಟ್ಟುಕೊಂಡು ಒಳಗೆ ಹೋದ. ಮಂಚದ ಕಾಲಬುಡದಲ್ಲಿ ನಿಂತು ಕೈಮುಗಿದ. ಕಂಬಳಿ ಮಿಸುಕಿತು. ಅದರ ಒಳಗಿನಿಂದ ಮೊದಲು ಬಿಳಿ ತಲೆ, ಆಮೇಲೆ ಎರಡು ಕಣ್ಣು ಹೊರಗೆ ಬಂದವು.

"ನೀರು ಕಾಯ್ತಾ?" ಎಂದು ವೆಂಕಟರತ್ನಮ್ಮ ಕೇಳಿದಳು.

ಹಿಂದೆ ನಿಂತಿದ್ದ ನಾಲ್ಕು ಜನ ಒಂದೇ ಬಾಗಿಲಲ್ಲಿ ಹೇಗೆ ಹೊರಗೆ ಬಂದರು ಅನ್ನುವುದನ್ನು ಇವತ್ತಿಗೂ ಯಾರೂ ವಿವರಿಸಲಾರರು. ಮುನಿಯಲ್ಲಪ್ಪ ಹಿರಿಯನಾದ್ದರಿಂದ ಓಡಲಿಲ್ಲ, ಸಾಂಬ್ರಾಣಿ ಬಟ್ಟಲನ್ನು ಕಾಲ ಮೇಲೆ ಬೀಳಿಸಿಕೊಂಡು ಅಲ್ಲೇ ನಿಂತ.

ಬದುಕಿದ್ದಾಳೆ ಎಂದು ತಿಳಿದ ಮೇಲೆ ಜನಕ್ಕೆ ಸಂತೋಷವಾಗಬೇಕಿತ್ತು. ಆಗಲಿಲ್ಲ ಎಂದು ಹೇಳುವುದು ತಪ್ಪಾಗುತ್ತದೆ, ಆದರೆ ಮೊದಲು ಬಂದದ್ದು ಕೋಪ. ಬೀದಿಯಲ್ಲಿ ಒಂದು ಮನೆಯಲ್ಲೂ ಒಲೆ ಹಚ್ಚಿರಲಿಲ್ಲ, ಕಾಫಿಯೂ ಇಲ್ಲದೆ ಎಲ್ಲರ ಹೊಟ್ಟೆ ಚುರುಗುಟ್ಟುತ್ತಿತ್ತು. ಅತ್ತ ಕಣ್ಣೀರನ್ನು ವಾಪಸು ತೆಗೆದುಕೊಳ್ಳುವ ದಾರಿ ಯಾವುದೂ ಇಲ್ಲವಲ್ಲ. ನೀನು ಹೆಸರಿಗೆ ತಕ್ಕ ಹಾಗೇ ಇದ್ದೀಯ ಎಂದು ಮುನಿಯಲ್ಲಪ್ಪ ಕುಂಟುತ್ತಾ ಬಂದು ಬೈದ. ಯಾವ ಭಾಷೆಯಲ್ಲಿ ಎಂದು ಪೆದ್ದಪ್ಪ ಅವನ ಮುಖ ನೋಡಬೇಕಾಗಿ ಬರಲಿಲ್ಲ.

ತಾಜುನ್ನೀಸಾ ಮಾತ್ರ ಒಳಗೆ ಹೋಗಿ ಮುದುಕಿಯ ಕೈ ಹಿಡಿದು, ನಗುವುದೋ ಅಳುವುದೋ ತಿಳಿಯದೆ, ಮೆಲ್ಲಗೆ ನಡೆಸಿಕೊಂಡು ಬಾಗಿಲಿಗೆ ತಂದಳು. ವೆಂಕಟರತ್ನಮ್ಮ ಹೊಸ್ತಿಲ ಮೇಲೆ ನಿಂತು ಕುರ್ಚಿಗಳನ್ನು ನೋಡಿದಳು, ಗಾಜಿನ ಪೆಟ್ಟಿಗೆ ನೋಡಿದಳು, ಜನ ತಂದಿದ್ದ ಹೂವಿನ ಹಾರ ನೋಡಿದಳು. ಎಲ್ಲ ಅರ್ಥವಾಯಿತು.

"ಇಷ್ಟು ಜನ ಬಂದ್ರಾ ನಂಗೆ?" ಎಂದಳು. ಅವಳಿಗೆ ಅದು ನಿಜವಾಗಿಯೂ ಹಿಡಿಸಿತ್ತು. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದಳು, ಯಾರನ್ನೋ ಹುಡುಕುವ ಹಾಗೆ.

ಪಾಷಾನ ಫೋನು ಬಡಿದುಕೊಂಡದ್ದು ಆಗಲೇ. ಅವನಿಗೆ ಒಂದು ಕಿವಿ ಮಂದ, ಯಾವ ಫೋನಾದರೂ ಸ್ಪೀಕರಿಗೇ ಹಾಕುವುದು ಅವನ ಪದ್ಧತಿ. ಶ್ರೀಧರನ ದನಿ ಇಡೀ ಬೀದಿಗೆ ಕೇಳಿಸಿತು. ಹಿಂದೆ ಓಲಗದ ಸದ್ದು.

"ಪಾಷಾ ಭಾಯ್, ಮೆಸೇಜು ನೋಡ್ದೆ. ಅಣ್ಣನಿಗೆ ಹೇಳಿ, ನನಗೆ ಕಾಯಬೇಡಿ, ನೀರು ಹಾಕ್ಬಿಡಿ. ಇವತ್ತು ನಮ್ಮ ಮಾವನವರ ಮನೆ ಗೃಹಪ್ರವೇಶ, ಈಗ ಸುದ್ದಿ ಗೊತ್ತಾದ್ರೆ ಸೂತಕ ಬಂದ್ಬಿಡುತ್ತೆ. ನನಗಿನ್ನೂ ತಿಳಿದಿಲ್ಲ ಅಂದ್ಕೊಳ್ಳಿ. ಊಟ ಆದ್ಮೇಲೆ ತಿಳಿಸಿ. ನಾನು ಮನೆಗೆ ಬರಲ್ಲ, ನೇರ ಸ್ಮಶಾನಕ್ಕೇ ಬರ್ತೀನಿ."

ಹಂಡೆಯ ನೀರು ಕುದಿಯುವ ಸದ್ದೊಂದೇ. ಭಾನುವಾರ ಮಧ್ಯಾಹ್ನ ಖಂಡಿತ ಬರುತ್ತೇನೆಂದು ಹೇಳುವಾಗಲೇ ಅವನಿಗೆ ಈ ಗೃಹಪ್ರವೇಶ ಗೊತ್ತಿತ್ತು ಅನ್ನುವುದು ಪೆದ್ದಪ್ಪನಂಥ ಪೆದ್ದಪ್ಪನಿಗೂ ಹೊಳೆಯಿತು. ಮೈಯೆಲ್ಲ ಉರಿದು, ಅವನು ಪಾಷಾನ ಕೈಯಿಂದ ಫೋನು ಕಿತ್ತುಕೊಂಡ. ಬಾಯಿ ತೆಗೆಯುವಷ್ಟರಲ್ಲಿ ತಾಯಿ ಕೈಯೆತ್ತಿ ತಡೆದಳು. ಫೋನು ತಾನಾಗಿ ಕಟ್ಟಾಯಿತು.

"ಊಟ ಆದ್ಮೇಲೆ ತಿಳಿಸಿ ಅಂದನಲ್ಲ, ತಿನ್ಲಿ ಬಿಡು," ಎಂದಳು. ಹಂಡೆಯ ಕಡೆ ತಿರುಗಿ, "ನೀರು ಹಾಕ್ಬಿಡಿ ಅಂತಾನೂ ಅಂದ. ಹಾಕಿ. ಸುಮ್ನೆ ಯಾಕೆ ಆರೋಗ್ಬೇಕು," ಎಂದಳು.

ಹೆಂಗಸರು ಅವಳನ್ನು ಬಚ್ಚಲಿಗೆ ಕರೆದೊಯ್ದರು. ಗಂಡಸರು ಬಕೆಟು ಬಕೆಟು ನೀರು ತಂದು ಬಾಗಿಲಲ್ಲಿಟ್ಟರು. ಬೆರಕೆಗೆ ತಣ್ಣೀರು ಎಷ್ಟು ಅನ್ನುವುದಕ್ಕೆ ಪೆದ್ದಪ್ಪನ ಬಳಿ ಒಂದು ಸೂತ್ರ ಇತ್ತು, ಅವನು ಅದನ್ನು ಹೇಳಲಿಲ್ಲ. ಸೀಗೆಪುಡಿ ತಾಜುನ್ನೀಸಾ ತಿಕ್ಕಿದಳು. ಒಳಗಿನಿಂದ ಹಬೆ ಬಂತು, ಇನ್ನೊಂದು ಚೊಂಬು, ಇನ್ನೊಂದು ಚೊಂಬು ಅನ್ನುವ ಮುದುಕಿಯ ದನಿ ಬಂತು. ಆಮೇಲೆ ದನಿ ಬರಲಿಲ್ಲ. ಅತ್ತಳೋ ಏನೋ, ಮೈಮೇಲೆ ನೀರು ಬೀಳುತ್ತಿದ್ದುದರಿಂದ ಹೆಂಗಸರಿಗೂ ಗೊತ್ತಾಗಲಿಲ್ಲವಂತೆ. ಮುನಿಯಲ್ಲಪ್ಪ ಸುಟ್ಟ ಕಾಲಿಗೆ ಎಣ್ಣೆ ಹಚ್ಚಿಕೊಂಡು, ಯಾರಿಗೂ ಏನೂ ಅಪ್ಪಣೆ ಮಾಡದೆ, ಮನೆಗೆ ಹೋದ.

ಮಧ್ಯಾಹ್ನದ ಬಿಸಿಲಿಗೆ ವೆಂಕಟರತ್ನಮ್ಮ ಒಗೆದ ಸೀರೆಯುಟ್ಟು ಪಾಷಾನ ಕುರ್ಚಿಯಲ್ಲಿ ಬಾಗಿಲ ಬಳಿ ಕೂತಿದ್ದಳು. ಕೂದಲು ಹರಡಿಕೊಂಡಿದ್ದಳು. ಸೀಗೆಯ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಅವಳ ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿ ಇತ್ತು. ಅದನ್ನು ತೆಗೆಯಲು ಪಾಷಾ ಎರಡು ಸಲ ಬಂದು, ತೆಗೆಯದೆ ಹಾಗೇ ಹೋಗಿದ್ದ.

ಬಿಸಿಲು ಬಾಗಿದ ಮೇಲೆ ಪೆದ್ದಪ್ಪನಿಗೆ ಫೋನು ಬಂತು. ಶ್ರೀಧರ ಊಟ ಮುಗಿಸಿ, ತಾನೇ ಸುದ್ದಿ ತಿಳಿದುಕೊಂಡು, ಕಾರು ಮಾಡಿಕೊಂಡು, ಹೈವೇ ಪಕ್ಕದ ಸ್ಮಶಾನಕ್ಕೆ ಬಂದು ನಿಂತಿದ್ದ. ಅಲ್ಲಿ ನರಪಿಳ್ಳೆ ಇರಲಿಲ್ಲ. ಎಲ್ಲಿದ್ದೀರ ಅಣ್ಣ, ಆಗ್ಲೇ ಮುಗಿಸಿಬಿಟ್ರಾ, ಅಮ್ಮನ್ನ ಇನ್ನೂ ತಂದಿಲ್ವಾ, ನಾನು ಎಷ್ಟು ಹೊತ್ತು ಇಲ್ಲಿ ಒಬ್ಬನೇ ಕಾಯ್ಲಿ ಎಂದು ಕೂಗಾಡಿದ. ತಾಯಿ ಕೈ ಚಾಚಿದಳು. ಅವನು ಫೋನು ಕೊಟ್ಟ.

"ಬರ್ತೀನಿ ಕಣೋ," ಎಂದಳು ವೆಂಕಟರತ್ನಮ್ಮ. "ಇವತ್ತಲ್ಲದಿದ್ರೆ ಇನ್ನೊಂದಿನ ಅಲ್ಲಿಗೇ ತಾನೆ ಬರೋದು. ಸ್ವಲ್ಪ ಕಾಯ್ತಾ ಇರು. ನಾನು ಕಾದಿಲ್ವಾ?"

ಆ ಕಡೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಲಾರಿಗಳು ಹೋಗುವ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಅವಳು ಫೋನನ್ನು ಪೆದ್ದಪ್ಪನ ಕೈಗೆ ಕೊಟ್ಟು, ಬೀದಿಯ ತುದಿಯವರೆಗೂ ಒಂದು ಸಲ ನೋಡಿದಳು. ಹೈವೇಯಿಂದ ಆ ಬೀದಿಗೆ ದೂರವೇನಿಲ್ಲ, ಒಂದೇ ತಿರುವು. ಯಾವ ಕಾರೂ ತಿರುಗಲಿಲ್ಲ.

"ಹಂಡೇಲಿ ನೀರು ಮಿಕ್ಕಿದ್ಯಾ?" ಎಂದು ಕೇಳಿದಳು.

ಪೆದ್ದಪ್ಪನ ಜೇಬಿನಲ್ಲಿ ಥರ್ಮಾಮೀಟರ್ ಇತ್ತು. ಅವನು ಅದನ್ನು ತೆಗೆಯದೆ ಹಂಡೆಯೊಳಗೆ ಕೈ ಅದ್ದಿದ.

"ಬೆಚ್ಚಗಿದೆ ಅಮ್ಮ."

"ಹಂಗಾದ್ರೆ ಕಾಲಿಗೆ ಹುಯ್ಯಿ," ಎಂದು ಅವಳು ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿಕೊಂಡಳು. ಪೆದ್ದಪ್ಪ ಖಾಲಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಅವಳ ಕಾಲ ಬಳಿ ಕೂತು, ಚೊಂಬು ಚೊಂಬಾಗಿ ನೀರು ಹುಯ್ದ.